ಗುಂಡಿಯ ಮೇಲೆ ನಾಲ್ಕು ಕುರ್ಚಿ

ಹಾರೆ ನನ್ನ ಕೈಯಿಂದ ಜಾರಿ ಕಾಂಕ್ರೀಟಿನೊಳಗೆ ಹೋಯಿತು. ಮೂವರೂ ಕಿವಿಗೊಟ್ಟೆವು. ಟಣ್ ಎನ್ನಲಿಲ್ಲ. ಕೆಳಗೆಲ್ಲೋ ಆಳದಲ್ಲಿ ಪ್ಳಕ್ ಎಂದಿತು. ಆಮೇಲೆ ವಾಸನೆ ಮೇಲೆ ಬಂತು.

"ಅಯ್ಯೋ, ಇದು ಹಳೇ ಕಕ್ಕಸು ಗುಂಡಿ!" ಅಕ್ಕ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೂಗಿಗೆ ಒತ್ತಿಕೊಂಡಳು.

ಮನೆಯ ಯಜಮಾನ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ನಾವು ಅವನಿಗಿಟ್ಟ ಹೆಸರು ಅರ್ಧರೇಟು. ಸಿಮೆಂಟಾಗಲಿ, ಮನುಷ್ಯನಾಗಲಿ, ಅರ್ಧಕ್ಕೆ ಸಿಗದಿದ್ದರೆ ಅವನಿಗೆ ಬೇಡ.

"ಆ ಹಾರೆ ನಮ್ಮದಾ, ನಿಮ್ಮದಾ?" ಎಂದ.

"ನಮ್ಮದು."

"ಹಾಗಿದ್ರೆ ಪರವಾಗಿಲ್ಲ."

ಮುಖದಲ್ಲಿ ಎಂಥ ನೆಮ್ಮದಿ! ಆ ಮುಖ ನೋಡಲು ಒಂದು ಹಾರೆ ಖರ್ಚಾಗಿತ್ತು.

ಅವನ ಹಿತ್ತಲ ನೆಲ ಬಿರುಕು ಬಿಟ್ಟ ಹಳೇ ಕಾಂಕ್ರೀಟು. ಅದರ ಮೇಲೆ ತೆಳ್ಳಗೆ ಹೊಸ ಸಿಮೆಂಟು ಎಳೆಯಲು ನಾವು ಹೋಗಿದ್ದೆವು. ಅಂದರೆ ಹೆಣಕ್ಕೆ ಪೌಡರು ಹಚ್ಚಲು. ನನ್ನದು ಗಾರೆ ಕೆಲಸ. ಅಕ್ಕ ಕಲಸಿ ಹೊರುತ್ತಾಳೆ. ಅವಳ ಗಂಡ, ನಮ್ಮ ಭಾವ, ಬಡಗಿ. ಅವನಿಗೆ ಬೇರೆ ಕೆಲಸವಿರಲಿಲ್ಲ, ಬಕೆಟ್ಟು ಎತ್ತಿಕೊಡಲು ಬಂದಿದ್ದ.

"ಮುಚ್ಚಳ ಪೂರ್ತಿ ಟೊಳ್ಳಾಗಿದೆ ಸ್ವಾಮಿ. ಒಡೆದು, ಮಣ್ಣು ತುಂಬಿಸಿ, ಹೊಸದಾಗಿ ಹಾಕ್ಬೇಕು," ಎಂದೆ.

"ನಂಗೂ ಗೊತ್ತಯ್ಯ. ಈ ಮನೆ ಕಟ್ಟಿಸಿದ್ದೇ ನಾನು. ಆದ್ರೆ ಭಾನುವಾರ ನಮ್ಮ ದೊಡ್ಡ ಸಾಹೇಬ್ರು ಊಟಕ್ಕೆ ಬರ್ತಿದ್ದಾರೆ." ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದ. ಮರದ ಹಲಗೆ ಹಾಸಿದ ಹಿತ್ತಲು, ಅದರ ಮೇಲೆ ಲೋಟ ಹಿಡಿದು ನಗುವ ಜನ. "ಹೀಗೆ ಮಾಡಿ. ಕಾಂಕ್ರೀಟು ಕಾಣಬಾರದು, ಅಷ್ಟೇ."

"ಗುಂಡಿ?"

"ಕಾಂಕ್ರೀಟೇ ಕಾಣಲ್ಲ ಅಂದ್ಮೇಲೆ ಗುಂಡಿ ಹೇಗಯ್ಯ ಕಾಣುತ್ತೆ?"

ಭಾವ ನಕ್ಕ. ದೊಡ್ಡವರು ಜೋಕು ಮಾಡಿದರೆ ಭಾವನ ಹಲ್ಲು ಅವನನ್ನು ಕೇಳದೆಯೇ ಹೊರಗೆ ಬರುತ್ತವೆ.

ಮರವನ್ನು ಅರ್ಧರೇಟೇ ಹುಡುಕಿ ತರಿಸಿದ. ಯಾವುದೋ ಕಾರ್ಖಾನೆಯ ಹಿಂದೆ ಮಳೆಗೆ ನೆನೆದು ಬಿದ್ದಿದ್ದ ಪೆಟ್ಟಿಗೆಗಳು. ತಂದಿಳಿಸಿದ್ದು ಲಾರಿ ಓಡಿಸುವ ನಮ್ಮ ಡ್ರಮ್ಮು. ಅವನು ಹತ್ತಿ ಕೂತರೆ ಲಾರಿ ಒಂದು ಕಡೆಗೆ ವಾಲುತ್ತದೆ, ಅದಕ್ಕೇ ಆ ಹೆಸರು. ಹಲಗೆಗಳ ಮೇಲೆ ಕಪ್ಪಕ್ಷರದಲ್ಲಿ 'ಜೋಪಾನ, ಒಡೆಯುತ್ತದೆ' ಎಂದು ಅಚ್ಚೊತ್ತಿತ್ತು.

"ಬರಹ ಕೆಳಗೆ ಬರೋ ಹಾಗೆ ಹೊಡೀರಿ," ಎಂದ ಅರ್ಧರೇಟು.

ಮೊಳೆ ಹೊಡೆದಲ್ಲೆಲ್ಲ ಮರ ಹಿಟ್ಟಾಗಿ ಉದುರಿತು. ಗುಂಡಿಯ ಮೇಲೆ ಅಡ್ಡಕ್ಕೆ ಹಾಕಲು ದಪ್ಪ ತೊಲೆ ಬೇಕೆಂದು ಭಾವ ಕೈ ಹಿಸುಕುತ್ತ ಕೇಳಿದ. ಅಟ್ಟದಿಂದ ಹಳೇ ಮಂಚದ ಪಟ್ಟಿಗಳು ಇಳಿದು ಬಂದವು. ಎಲ್ಲದರ ಮೇಲೂ ಎರಡು ಸುತ್ತು ಕಾಫಿ ಬಣ್ಣ. ಮುಗಿದ ಮೇಲೆ ಚಿತ್ರದಲ್ಲಿದ್ದಂತೆಯೇ ಕಂಡಿತು, ನಗುವ ಜನ ಮಾತ್ರ ಇರಲಿಲ್ಲ.

"ಮೇಲೆ ಥಳಕು, ಒಳಗೆ ಹುಳುಕು," ಎಂದಳು ಅಕ್ಕ.

"ಮೆಲ್ಲಗೆ ಮಾತಾಡೇ! ಮುಂದಿನ ತಿಂಗಳು ಅವರ ಮೂರಂತಸ್ತಿನ ಕಟ್ಟಡ ಶುರುವಾಗುತ್ತೆ. ಬಾಗಿಲು, ಕಿಟಕಿ ಎಲ್ಲ ನಂಗೇ ಅಂದಿದ್ದಾರೆ."

"ಅಂದಿದ್ದಾರೆ," ಎಂದಳು ಅಕ್ಕ.

ಅವಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗೋಡೆಯ ಬದಿಯಲ್ಲಿದ್ದ ದೊಡ್ಡ ಹೂಕುಂಡಗಳನ್ನು ಒಂದೊಂದಾಗಿ ಉರುಳಿಸಿ ತಂದು ಗುಂಡಿಯ ಸುತ್ತ ಬೇಲಿಯಂತೆ ನಿಲ್ಲಿಸಿದಳು. ಅರ್ಧರೇಟು ಹುಬ್ಬು ಗಂಟಿಕ್ಕಿದ.

"ಇದೇನಮ್ಮ ಅಡ್ಡ?"

"ಯಾರೂ ಕಾಲಿಡದೆ ಇರ್ಲಿ ಅಂತ. ಇಲ್ಲಿ ಬಿದ್ರೆ ಹಾರೆಗಾದ ಗತೀನೇ."

ಅವನು ತಲೆಯಾಡಿಸಿದ. ಅಂದಿನಿಂದ ಹಿತ್ತಲಿಗೆ ಬಂದಾಗಲೆಲ್ಲ ಗೋಡೆ ಸವರಿಕೊಂಡೇ ನಡೆದ. ಅವನ ನಾಯಿಯೂ ಹಾಗೇ ನಡೆಯಲು ಕಲಿಯಿತು.

ಶನಿವಾರ ಸಾಮಾನು ಕಟ್ಟಿಕೊಂಡು ಹೊರಟಾಗ ಅವನು ಗೇಟಿನವರೆಗೂ ಬಂದ. ಅದೇ ಗೇಟಿನ ಆಚೆ ನಿಂತು ನಾವು ಇಷ್ಟು ದಿನ ಕಾಗದದ ಲೋಟದಲ್ಲಿ ಟೀ ಕುಡಿದದ್ದು.

"ನಾಳೆ ಮಧ್ಯಾಹ್ನ ನೀವೆಲ್ಲ ಊಟಕ್ಕೆ ಬರ್ಬೇಕು. ಸಾಹೇಬ್ರು ಬರೋದು ಸಂಜೆ. ಮೊದಲ ಊಟ ಕೆಲಸ ಮಾಡಿದವರದ್ದು."

ಭಾವನ ಕಣ್ಣು ಒದ್ದೆಯಾದವು. "ಮಗಳನ್ನೂ ಕರ್ಕೊಂಡು ಬರ್ಲಾ ಸ್ವಾಮಿ? ಅವಳು ಇಂಥ ಮನೆ ನೋಡಿಲ್ಲ."

"ಮಕ್ಕಳು ಬೇಡ. ದೊಡ್ಡವರು ಬನ್ನಿ. ಆ ಲಾರಿಯವನು ಇದಾನಲ್ಲ, ದಪ್ಪಗೆ, ಅವನನ್ನ ಮರೀಬೇಡಿ ಮತ್ತೆ."

ಮರುದಿನ ಭಾವ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ದಾರಿಯುದ್ದಕ್ಕೂ ಪ್ರವಚನ ಮಾಡಿದ. "ಎಲ್ಲ ದುಡ್ಡಿನವರನ್ನೂ ಒಂದೇ ತಕ್ಕಡೀಲಿ ತೂಗಬಾರದು ಕಣೋ. ಜೊತೇಲಿ ಕೂರಿಸಿ ಊಟ ಹಾಕ್ತೀನಿ ಅನ್ನೋದು ಅಂದ್ರೆ ಸುಮ್ನೆನಾ?"

"ಊಟ ಏನಂತೆ?" ಎಂದ ಡ್ರಮ್ಮು. ಅವನಿಗೆ ಬೇರೆ ಚಿಂತೆಗಳಿರಲಿಲ್ಲ.

ಹಿತ್ತಲಿಗೆ ಹೋದೆವು. ಕುಂಡಗಳು ಗೋಡೆಗೆ ಸೇರಿದ್ದವು. ಅವು ಕಾವಲಿದ್ದ ಜಾಗದಲ್ಲಿ ನಾಲ್ಕು ಕುರ್ಚಿ. ಹಿತ್ತಲು ಇಡೀ ಖಾಲಿ ಬಿದ್ದಿತ್ತು, ಆದರೂ ಕುರ್ಚಿಗಳು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಒತ್ತಾಗಿ ನಿಂತಿದ್ದವು. ಒಂದರ ಮೇಲೆ ಮೆತ್ತೆ ಬೇರೆ. ಅರ್ಧರೇಟು ಹೊಸಿಲಿನ ಒಳಗೆ ನಿಂತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಅವನ ಹೆಂಡತಿಯ ಮುಖ ಅರ್ಧ ಕಾಣುತ್ತಿತ್ತು.

"ಬನ್ನಿ ಬನ್ನಿ, ಕೂತ್ಕೊಳ್ಳಿ! ಎಲ್ಲರೂ ಒಟ್ಟಿಗೇ ಕೂತ್ಕೊಳ್ಳಿ!"

ಭಾವ ಚಪ್ಪಲಿ ಬಿಟ್ಟು ಒಂದು ಕಾಲು ಎತ್ತಿದ.

"ರೀ, ನಿಲ್ಲಿ," ಎಂದಳು ಅಕ್ಕ. ಅವಳು ಕುಂಡಗಳನ್ನು ನೋಡುತ್ತಿದ್ದಳು. "ಇವನ್ನ ಯಾರು ಎತ್ತಿದ್ದು ಸ್ವಾಮಿ?"

"ನಾನೇ. ಅಡ್ಡ ಇದ್ವು."

"ಆ ಕಡೆ ಅಷ್ಟೊಂದು ಜಾಗ ಇದೆ, ನೆರಳೂ ಇದೆ. ಕುರ್ಚಿ ಅಲ್ಲಿ ಹಾಕ್ಬಹುದಿತ್ತಲ್ಲ?"

"ಸಾಹೇಬ್ರು ಕೂರೋದು ಇಲ್ಲೇ ಅಲ್ವೇನಮ್ಮ. ಇಲ್ಲಿಂದಾನೇ ಹೂಗಿಡ ಕಾಣೋದು."

ಡ್ರಮ್ಮು ಹೊಟ್ಟೆ ಸವರಿಕೊಂಡ. "ಸಾಹೇಬ್ರು ಎಷ್ಟು ತೂಕ ಇದಾರೆ ಸ್ವಾಮಿ?"

ತಮಾಷೆಗೆ ಕೇಳಿದ್ದು. ಅರ್ಧರೇಟು ತಮಾಷೆಗೇ ಉತ್ತರ ಕೊಟ್ಟ. "ನಿನ್ನಷ್ಟಿಲ್ಲ ಬಿಡು. ನೀನು ಕೂತು ತಡೀತು ಅಂದ್ರೆ ಸಾಕು."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಕಿಟಕಿಯಲ್ಲಿದ್ದ ಮುಖ ಮಾಯವಾಯಿತು.

"ಹೀಗೋ," ಎಂದ ಡ್ರಮ್ಮು. ಅಷ್ಟು ಮೆತ್ತಗೆ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ. "ನಾನು ಊಟ ಅಂದ್ಕೊಂಡಿದ್ದೆ. ನನ್ನನ್ನ ತೂಕದ ಕಲ್ಲು ಮಾಡಿದಾರೆ."

"ನಾವು ಬದುಕಿ ಎದ್ರೆ ನಿಮ್ಮ ಸಾಹೇಬ್ರು ಕೂರ್ತಾರೆ. ಬಿದ್ರೆ ಅವರಿಗೆ ಬೇರೆ ಜಾಗ ನೋಡ್ತೀರ. ಅಷ್ಟೇ ತಾನೆ?" ಅಕ್ಕ ಕೇಳಿದಳು.

"ಛೆ ಛೆ! ಕರೆದು ಊಟ ಹಾಕಿದ್ರೆ ಇದೇನಾ ಮರ್ಯಾದೆ? ನೀವೇ ಕಟ್ಟಿದ್ದು, ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ನಮ್ಮ ಕೆಲಸದ ಮೇಲಿದೆ. ನಿಮ್ಮ ಮರದ ಮೇಲಿಲ್ಲ," ಎಂದಳು ಅಕ್ಕ. " ಬನ್ನಿ, ಮೆತ್ತೆ ಕುರ್ಚಿ ನಿಮಗೇ ಇರ್ಲಿ. ನೀವು ಕೂತ್ರೆ ನಾವೂ ಕೂರ್ತೀವಿ."

"ನಂಗೆ ಮಂಡಿನೋವು."

ಅಷ್ಟು ಹೇಳಿ ಅವನು ಬಾಗಿಲ ಹಿಂದಿನಿಂದ ನೆಲ ಒರೆಸುವ ಕೋಲು ತೆಗೆದ. ಹೊಸಿಲು ದಾಟದೆ, ಮೈ ಮಾತ್ರ ಮುಂದೆ ಚಾಚಿ, ಕೋಲಿನ ತುದಿಯಿಂದ ಮೆತ್ತೆಯ ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿದ. ದನಕ್ಕೆ ದೂರದಿಂದ ಮೇವು ತಳ್ಳುವಂತಿತ್ತು. ಕುರ್ಚಿಯ ಕಾಲು ಹಲಗೆಯ ಮೇಲೆ ಕರಕರ ಎಂದಿತು.

ಅವನ ಕಣ್ಣು ಈಗ ಭಾವನ ಮೇಲೆ ನಿಂತಿತು. ಮನುಷ್ಯರಲ್ಲಿ ಯಾರು ಅಗ್ಗಕ್ಕೆ ಸಿಗುತ್ತಾರೆಂದು ಅವನಿಗೆ ಗೊತ್ತು.

"ನೋಡಯ್ಯ ಬಡಗಿ, ಹೆಂಗಸರ ಮಾತು ಬಿಡು. ಕಟ್ಟಡದ ಬಾಗಿಲು, ಕಿಟಕಿ ಎಲ್ಲ ನಿಂದೇ. ಗಾರೆ ನಿನ್ನ ಭಾಮೈದಂದು. ಇವತ್ತೇ ಮಾತು ಕೊಡ್ತೀನಿ. ಐದೇ ಐದು ನಿಮಿಷ ಕೂತ್ಕೊಳ್ಳಿ. ಗುಂಡಿಗೆ ಬಿದ್ರೂ ಏನಂತೆ, ನಿಮ್ಮ ಹಾರೆ ಅಲ್ಲೇ ಇದೆ, ಎತ್ಕೊಂಡು ಬರಬಹುದು!"

ತನ್ನ ಜೋಕಿಗೆ ತಾನೇ ನಕ್ಕ. ನಗುತ್ತಲೇ ಭಾವನ ಹಲ್ಲಿಗಾಗಿ ಕಾದ.

ಭಾವ ಎತ್ತಿದ್ದ ಕಾಲನ್ನು ಇಳಿಸಿ ಚಪ್ಪಲಿಗೆ ತೂರಿಸಿದ. ಇನ್ನೊಂದನ್ನೂ ತೂರಿಸಿದ. ತುಟಿ ಬಿಗಿದೇ ಇತ್ತು.

"ಕೂರಲ್ಲ," ಎಂದ.