ಸೂರ್ಯನೊಳಗೆ ಬೀಳುವ ಕಷ್ಟ

ನನ್ನ ಮಗ ಭವಿತ್ ಸತ್ತ ಮೇಲೆ ಸೊಸೆ ಮೋಹಿನಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಚಹಾ ಕೊಟ್ಟಳು, ಮಂಜೇಶ್ವರದಿಂದ ಬಾಡಿಗೆ ಪಾತ್ರೆ ತರಿಸಿದಳು. ಊರಿನವರು ಗುಸುಗುಸು ಮಾಡಿದರು. ಅವರನ್ನು ಯಾಕೆ ಹೇಳಬೇಕು, ನನಗೇ ಮೈ ಉರಿಯುತ್ತಿತ್ತು. ಆ ಉರಿಯೊಂದು ಬಿಟ್ಟರೆ ನನಗೆ ಬೇರೇನೂ ಆಗುತ್ತಿರಲಿಲ್ಲ.

ಬೊಜ್ಜದ ದಿನ, ಉತ್ತರಕ್ರಿಯೆಯ ಅಡುಗೆಯ ನಡುವೆಯೂ, ಅವಳ ಫೋನು ಬಡಿದುಕೊಂಡಿತು. ಅವಳು ಹೈಸ್ಕೂಲಿನಲ್ಲಿ ಫಿಸಿಕ್ಸ್ ಟೀಚರು. ಯಾವುದೋ ಹುಡುಗಿಗೆ ಶಾಲೆಯ ಶಾಸ್ತ್ರಮೇಳಕ್ಕೆ, ವಿಜ್ಞಾನ ಪ್ರದರ್ಶನಕ್ಕೆ, ಸೂರ್ಯನ ಹತ್ತಿರ ಹೋಗುವ ನೌಕೆಯ ಮಾದರಿ ಮಾಡಲಿಕ್ಕಿತ್ತಂತೆ. ಮೋಹಿನಿ ತೆಂಗಿನಕಾಯಿ ತುರಿಯುತ್ತಲೇ ಪಾಠ ಹೇಳಿದಳು. ಫೋನಿಟ್ಟ ಮೇಲೆ ನಾನು ಕುಟುಕಿದೆ.

"ಸೂರ್ಯನಿಗೆ ಹೋಗಿ ಬೀಳ್ಲಿಕ್ಕೆ ಎಂತ ಅಷ್ಟು ದೊಡ್ಡ ಲೆಕ್ಕ? ಅವನೇ ಎಳೀತಾನಲ್ಲ?"

"ಎಳೀತಾನೆ ಅತ್ತೆ. ಆದ್ರೆ ಭೂಮಿ ಅಡ್ಡಕ್ಕೆ ಓಡ್ತಾ ಉಂಟಲ್ಲ, ಇಲ್ಲಿಂದ ಹೋದದ್ದಕ್ಕೂ ಅದೇ ಓಟ ಇರ್ತದೆ. ಸುತ್ತು ಬರ್ತದೆ, ಬೀಳುದಿಲ್ಲ. ಬೀಳ್ಬೇಕಾದ್ರೆ ಓಟ ಕಮ್ಮಿ ಆಗ್ಬೇಕು. ಅದಕ್ಕೆ ಬೇಕಾದಷ್ಟು ಇಂಧನ ಹೊತ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ."

"ಮತ್ತೆ?"

"ಶುಕ್ರಗ್ರಹದ ಹತ್ತಿರ ಹಾದು, ಸ್ವಲ್ಪ ಸ್ವಲ್ಪ ಓಟವನ್ನು ಅದಕ್ಕೆ ಕೊಟ್ಟು ಬರ್ಬೇಕು."

ಮುಸ್ಸಂಜೆ, ಸತ್ತವನನ್ನು ಮನೆಯೊಳಗೆ ಕರೆಯುವ ಹೊತ್ತಾಯಿತು. ಒಳಕೋಣೆಯಲ್ಲಿ ಎಲೆ ಹಾಕಿ, ಅವನಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಮುಚ್ಚುವುದು ನಮ್ಮ ಕ್ರಮ. ಅವನು ಉಣ್ಣುವಷ್ಟು ಹೊತ್ತು ಮನೆಯವರೆಲ್ಲ ಹೊರಗೆ ಸುಮ್ಮನೆ ಕೂತಿರಬೇಕು. ಆಮೇಲೆ ಹೆತ್ತವಳು ಬಾಗಿಲು ತೆರೆಯಬೇಕು.

ಕುಟುಂಬದ ಹಿರಿಯ ಉಗ್ಗಪ್ಪಣ್ಣ ಹೊಸ್ತಿಲಲ್ಲಿ ನಿಂತು, "ಭವಿತಾ, ಒಳಗೆ ಬಾ" ಎಂದು ಕರೆದರು. ಬಾಗಿಲು ಮುಚ್ಚಿದರು. ಎಲ್ಲರೂ ಕೂತರು. ಮೋಹಿನಿ ಮಾತ್ರ ನೀರಿನ ಜಗ್ಗು ಹಿಡಿದು ಎದ್ದಳು. ಲೋಟಗಳೆಲ್ಲ ತುಂಬಿಯೇ ಇದ್ದವು.

ನನಗೆ ತಡೆಯಲಾಗಲಿಲ್ಲ. ಜಗ್ಗನ್ನು ಕಿತ್ತುಕೊಂಡು, "ಕೂತ್ಕೋ ಮಾರಾಯ್ತಿ, ಸಾಕು" ಎಂದೆ. ಬೈಯಬೇಕೆಂದೇ ಹೊರಟಿದ್ದೆ, ಸ್ವರ ಹಾಗೆ ಬರಲಿಲ್ಲ. ಅವಳು ತನ್ನ ಖಾಲಿ ಕೈ ನೋಡಿಕೊಂಡಳು. ನನ್ನ ಕಾಲ ಬುಡದಲ್ಲೇ ಕೂತಳು. ಮತ್ತೆ ಅವಳ ಬಾಯಿಂದ ಹೊರಟ ಕೂಗಿಗೆ ಅಂಗಳದಲ್ಲಿದ್ದವರೂ ಎದ್ದು ನಿಂತರು.

ಅಳಲಿ ಎಂದುಕೊಂಡೆ. ಸಮಾಧಾನವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಕಮಲ, ಹೊತ್ತಾಯ್ತು. ಬಾಗಿಲು ತೆಗಿ" ಎಂದರು ಉಗ್ಗಪ್ಪಣ್ಣ ನನ್ನ ಕಡೆ ತಿರುಗಿ.

ತೆರೆದರೆ ಒಳಗೆ ಅನ್ನ, ಮೀನು ಎಲ್ಲ ಬಡಿಸಿದ ಹಾಗೆಯೇ ಇರುತ್ತದೆಂದು ನನಗೆ ಗೊತ್ತಿತ್ತು.

"ಒಂದು ನಿಮಿಷ" ಎಂದೆ. "ಅಂಗಳದವರಿಗೆ ನೀರು ಕೊಟ್ಟು ಬರ್ತೇನೆ."

ಜಗ್ಗು ಹಿಡಿದು ಹೊರಟೆ.