ಮೂರು ದಿನದ ಡಬ್ಬಿ

ತಗಡಿನ ಡಬ್ಬಿಯ ಮುಚ್ಚಳ ತೆರೆದರೆ ಆಗುವ ಸಣ್ಣ ಸದ್ದು. ಕೊನೆಯ ಟ್ರಾಮ್ ಹೋಗಿ ಬಹಳ ಹೊತ್ತಾಗಿತ್ತು, ಕರೆಂಟು ಹೋಗಿ ಫ್ಯಾನೂ ನಿಂತಿತ್ತು. ಅದಕ್ಕೇ ಕೇಳಿಸಿರಬೇಕು. ಫ್ಯಾನು ತಿರುಗುತ್ತಿದ್ದರೂ ವೇದವತಿಗೆ ಅದು ಕೇಳಿಸುತ್ತಿತ್ತೇನೋ. ಬೇರೆಯವರು ನಿದ್ದೆ ಮಾಡುವುದಕ್ಕೆ ಮಲಗಿದರೆ ಇವಳು ಕಿವಿಗೊಡುವುದಕ್ಕೆ ಮಲಗುತ್ತಾಳೆ ಎಂದು ಗಂಡ ಮುರಾರಿ ಆಗಾಗ ತಮಾಷೆ ಮಾಡುವುದಿತ್ತು.

ಅವಳು ಎದ್ದು, ಪಕ್ಕದಲ್ಲಿ ಮಲಗಿದ್ದ ಮಗಳು ಗೌರಿಯನ್ನು ದಾಟಿ, ಅಡುಗೆಮನೆಯ ಬಾಗಿಲ ತನಕ ಬಂದಳು. ಒಳಗೆ ಮಾವ ವೆಂಕಪ್ಪಯ್ಯ ನಿಂತಿದ್ದರು. ಕಿಟಕಿಯಿಂದ ಬಿದ್ದ ತಿಂಗಳ ಬೆಳಕು ಅವರ ಬೆನ್ನಿನ ಮೇಲಷ್ಟೇ ಇತ್ತು. ಡಬ್ಬಿಯೊಳಗಿಂದ ಒಂದು ಹಿಡಿ ಅವಲಕ್ಕಿ ಎತ್ತಿ ಮೂಗಿನ ಹತ್ತಿರ ಹಿಡಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಒಂದು ಕಾಳೂ ಚೆಲ್ಲದಂತೆ ವಾಪಸು ಸುರಿದು, ಮುಚ್ಚಳ ಒತ್ತಿ, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ನಡೆದರು. ಗೋಡೆ ಹಿಡಿದು ನಡೆಯುವ ಮನುಷ್ಯರೇ ಅಲ್ಲ ಅವರು. ಆ ಕೈಯನ್ನು ನೋಡಿದ ಮೇಲೆ ವೇದವತಿಗೆ ಬೆಳಗಿನ ತನಕ ನಿದ್ದೆ ಬರಲಿಲ್ಲ.

ಇದೆಲ್ಲ ಶುರುವಾದದ್ದು ಮಳೆಯಿಂದ. ಆ ವರ್ಷ ಮಹಾಲಯಕ್ಕೆ ಮುಂಚೆ ಸುರಿದ ಮಳೆಯಲ್ಲಿ ಕಲ್ಕತ್ತೆಗೆ ಕಲ್ಕತ್ತೆಯೇ ನೀರಿನಲ್ಲಿ ನಿಂತಿತ್ತು. ಕೆಳಗಿನ ಹೋಟೆಲಿನಲ್ಲಿ ಗಲ್ಲಾ ಪೆಟ್ಟಿಗೆಯ ಮಟ್ಟಕ್ಕೆ ನೀರು. ಮೇಲಿನ ಮನೆಯಲ್ಲಿ ಇವರು. ಉಡುಪಿಯಿಂದ ಬಂದು ಮೂವತ್ತು ವರ್ಷ ಇಡ್ಲಿ, ದೋಸೆ ಮಾಡಿದ ವೆಂಕಪ್ಪಯ್ಯ ಒಲೆಯನ್ನು ಮೇಲೆ ತಂದು, ಇದ್ದ ಅಕ್ಕಿ ಬೇಳೆಯಲ್ಲಿ ಕಿಚಡಿ ಬೇಯಿಸಿ, ಕಿಟಕಿಯಿಂದ ಹಗ್ಗದಲ್ಲಿ ಪಾತ್ರೆ ಇಳಿಸಿ ಬೀದಿಯವರಿಗೆ ಹಂಚಿದ್ದರು. ನೀರು ಇಳಿದ ಮೇಲೆ ಪಾಡಾದ, ಎಂದರೆ ಆ ಕೇರಿಯ, ಕ್ಲಬ್ಬಿನ ಕಾರ್ಯದರ್ಶಿ ಪರಿತೋಷ್ ಬಾಬು ಅದನ್ನು ನೆನಪಿಟ್ಟುಕೊಂಡು ಬಂದರು.

ಕ್ಲಬ್ಬಿನ ಹುಡುಗರು ದೋಣಿ ಕಟ್ಟಿಕೊಂಡು ಹೌರಾದ ಆಚೆಯ ಹಳ್ಳಿಗಳಿಗೆ ಹೋಗಿದ್ದರಂತೆ. ಒಯ್ದ ಬ್ರೆಡ್ಡು ದಾರಿಯಲ್ಲೇ ಬೂಷ್ಟು ಹಿಡಿದಿತ್ತು. "ನಾವು ಮುಟ್ಟಿದ್ದು ಮೂರನೆಯ ದಿನ, ವೆಂಕಪ್ಪ ಬಾಬು. ಜನ ಮಾಡಿನ ಮೇಲೆ ಕೂತಿದ್ದರು. ಕೂಗುವ ಶಕ್ತಿಯೂ ಇರಲಿಲ್ಲ," ಎಂದು ಪರಿತೋಷ್ ಬಾಬು ಟೀ ಲೋಟವನ್ನು ಕುಡಿಯದೆ ಹಿಡಿದುಕೊಂಡು ಹೇಳಿದ್ದರು. ಮುಂದಿನ ಮಳೆಗಾಲಕ್ಕೆ ಮೊದಲೇ ಆ ಊರುಗಳ ಶಾಲೆಗಳ ಅಟ್ಟದಲ್ಲಿ ಬೆಸುಗೆ ಹಾಕಿದ ಡಬ್ಬಿಗಳನ್ನು ಇಡಬೇಕು. ಒಬ್ಬ ಮನುಷ್ಯನಿಗೆ ಒಂದು ಡಬ್ಬಿ, ದೋಣಿ ಬರುವ ತನಕ ಮೂರು ದಿನ ಸಾಕಾಗಬೇಕು, ಒಲೆ ಬೇಡ, ತಿಂಗಳುಗಟ್ಟಲೆ ಕೆಡಬಾರದು. ಮಾಡಿಕೊಡುತ್ತೀರಾ?

ಮಾವ ಒಪ್ಪಿದರು. ಅವಲಕ್ಕಿ, ಬೆಲ್ಲ, ಉಪ್ಪು, ನೀರಿನಲ್ಲಿ ಕಲಸಿ ಕುಡಿಯಲಿಕ್ಕೆ ಭತ್ತದ ಅರಳಿನ ಹುಡಿ. ಮೊದಲು ಹೇಳಿದಾಗ ಹುರಿಗಡಲೆಯೂ ಇತ್ತು. ಆದರೆ ಅಷ್ಟರಲ್ಲಿ ವಿಜಯದಶಮಿ ಕಳೆದು ಏಕಾದಶಿ ಬಂತು. ಚಾತುರ್ಮಾಸ್ಯದ ಕೊನೆಯ ತಿಂಗಳು ಅವರಿಗೆ ದ್ವಿದಳ ವ್ರತ. ಬೇಳೆ, ಕಡಲೆ, ಹೆಸರು, ಉದ್ದು, ಯಾವುದೂ ಬಾಯಿಗೆ ಸೋಕುವುದಿಲ್ಲ. ಕೆಳಗೆ ಹೋಟೆಲಿನಲ್ಲಿ ಕೊಪ್ಪರಿಗೆ ಸಾಂಬಾರು ಕುದಿಯುತ್ತಿದ್ದರೂ ಮಾವ ಆ ತಿಂಗಳು ಮಜ್ಜಿಗೆ ಅನ್ನದಲ್ಲೇ ಕಳೆಯುವವರು. ನಲವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ.

"ಹಾಗಾದರೆ ಡಬ್ಬಿಯನ್ನು ನಾನು ತಿಂದು ನೋಡುತ್ತೇನೆ ಅಪ್ಪ. ಕಡಲೆಯೂ ಇರಲಿ," ಎಂದಿದ್ದ ಮುರಾರಿ.

"ನೀನು ಗಂಟೆಗೊಮ್ಮೆ ಕಾಪಿ ಕುಡಿಯುವವ. ನೀನು ಮಾಡಿನ ಮೇಲೆ ಕೂತರೆ ಡಬ್ಬಿಯ ಜೊತೆ ಒಂದು ಫ್ಲಾಸ್ಕೂ ಇಡಬೇಕು."

"ಒಂದು ತಿಂಗಳು ಕಾದರಾಯಿತಲ್ಲ?"

"ಕ್ಲಬ್ಬಿನವರಿಗೆ ತಗಡು, ಬೆಸುಗೆಯವ ಎಲ್ಲ ಸಿಕ್ಕಿದ್ದು ಈಗ. ಕಾಳಿ ಪೂಜೆಗೆ ಮೊದಲು ಕೊಡ್ಬೇಕು. ನಾನು ತಿಂದು ನೋಡದ್ದನ್ನು ಇನ್ನೊಬ್ಬರಿಗೆ ಬಡಿಸಿದ್ದು ಉಂಟಾ? ಕಡಲೆ ತೆಗೆದುಬಿಡುವ. ಅದರ ಬದಲು ಅವಲಕ್ಕಿ ಒಂದು ಮುಷ್ಟಿ ಹೆಚ್ಚು."

ಅಲ್ಲಿಗೆ ಆ ಮಾತು ಮುಗಿದಿತ್ತು.

ಮೊದಲನೆಯ ದಿನ ಅವರು ಡಬ್ಬಿಯದ್ದನ್ನು ಮಾತ್ರ ತಿಂದು, ಎಂದಿನ ಕೆಲಸವನ್ನೆಲ್ಲ ಮಾಡಿದ್ದರು. ಸುಮ್ಮನೆ ಮಲಗಿದರೆ ಪರೀಕ್ಷೆ ಹೇಗಾಗುತ್ತದೆ, ಮಾಡಿನ ಮೇಲಿನವನಿಗೆ ಮಕ್ಕಳನ್ನು ಎತ್ತಲಿಕ್ಕಿಲ್ಲವೇ, ನೀರು ಮೊಗೆಯಲಿಕ್ಕಿಲ್ಲವೇ ಎಂದು ಕೊಡಪಾನ ಹಿಡಿದು ಮೆಟ್ಟಿಲು ಹತ್ತಿಳಿದಿದ್ದರು. ಸಂಜೆ ಗೌರಿ ಅಜ್ಜನ ಹೊಟ್ಟೆಗೆ ಕಿವಿಯಿಟ್ಟು, ಬೀದಿಯಲ್ಲಿ ಕಲಿತ ಬಂಗಾಳಿಯಲ್ಲಿ, "ಅಜ್ಜಾ, ಖಿದೆ ಪೇಯೆಛೆ?" ಎಂದು ಕೇಳಿದ್ದಳು. ಹಸಿವಾಯಿತೇ ಎಂದು.

"ಖಿದೆ ಅಲ್ಲ ಮಗಾ, ಪರೀಕ್ಷೆ. ನಿಂಗೆ ಶಾಲೆಯಲ್ಲಿ, ನಂಗೆ ಹೊಟ್ಟೆಯಲ್ಲಿ."

ಎಲ್ಲರೂ ನಕ್ಕಿದ್ದರು. ವೇದವತಿ ಮಾತ್ರ ಮಾವನ ಮುಖವನ್ನು ನೋಡುತ್ತಿದ್ದಳು. ಕಣ್ಣಿನ ಕೆಳಗಿನ ಚರ್ಮ ಬೆಳಗ್ಗೆ ಹಾಗಿರಲಿಲ್ಲ.

ರಾತ್ರಿ ಆ ಸದ್ದು ಕೇಳಿದ್ದು ಅಂದೇ.

ಬೆಳಗಾಗುತ್ತಲೇ ಅವಳು ಬಾಲ್ಕನಿಗೆ ಬಂದು ನಿಂತಳು. ಎದುರಿನ ಮೂಲೆಯಲ್ಲಿ ರಿಕ್ಷಾ ಎಳೆಯುವವನೊಬ್ಬ ಹಿತ್ತಾಳೆ ತಟ್ಟೆಯಲ್ಲಿ ಛಾತು ಕಲಸುತ್ತಿದ್ದ. ಹುರಿದ ಕಡಲೆಯ ಹಿಟ್ಟು. ಅದಕ್ಕೆ ಉಪ್ಪು, ನೀರು, ಒಂದು ಹಸಿಮೆಣಸು. ಅಷ್ಟು ತಿಂದು ಅವನು ಮಧ್ಯಾಹ್ನದ ತನಕ ಎರಡೆರಡು ಜನರನ್ನು ಕೂರಿಸಿಕೊಂಡು ಓಡುತ್ತಾನೆ. ದಿನಾ ನೋಡಿದ್ದಳು. ಇವತ್ತು ಬೇರೆ ಥರ ನೋಡಿದಳು.

ಮೂಲೆಯ ಬಿಹಾರಿಯ ಅಂಗಡಿಗೆ ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಬೇಕು? ಆ ದಾರಿಯುದ್ದಕ್ಕೂ ಅವಳಿಗೆ ಗೊತ್ತಿತ್ತು: ಇದು ಕಡಲೆ, ಇದು ಅವರ ವ್ರತ. ಗೊತ್ತಿರಲಿಲ್ಲ, ಮರೆತುಹೋಯಿತು ಎಂದು ಮುಂದೆ ತನಗೆ ತಾನೇ ಹೇಳಿಕೊಳ್ಳುವುದಕ್ಕೂ ಬರುವುದಿಲ್ಲ ಎಂಬುದು ಗೊತ್ತಿತ್ತು. ಆದರೆ ಗೋಡೆ ಹಿಡಿದ ಆ ಕೈ ಕಣ್ಣ ಮುಂದೆಯೇ ಇತ್ತು. ಅತ್ತೆ ತೀರಿಕೊಳ್ಳುವ ಮುಂಚೆ, "ಅವರು ಹಸಿವು ಹೇಳುವವರಲ್ಲ. ನೀನೇ ನೋಡಿಕೊಳ್ಳಬೇಕು," ಎಂದಿದ್ದರು. ವೇದವತಿ ಮಾವನ ಪಾಲಿನ ಅರಳಿನ ಹುಡಿಯ ಭರಣಿಗೆ ಅದರಷ್ಟೇ ಛಾತು ಸುರಿದು, ಬಣ್ಣ ಒಂದಾಗುವ ತನಕ ಕೈಯಾಡಿಸಿದಳು.

ಬೆಲ್ಲ ಹಾಕಿ ಕಲಸಿದ ಲೋಟವನ್ನು ತಾನೇ ಒಯ್ದು ಕೊಟ್ಟಳು. ಮಾವ ಒಂದು ಗುಟುಕು ಕುಡಿದು ನಿಲ್ಲಿಸಿದರು. ಲೋಟದೊಳಗೆ ನೋಡಿದರು.

"ರಾತ್ರಿ ನಿದ್ದೆ ಬರ್ಲಿಲ್ಲವಾ ನಿಂಗೆ?" ಎಂದು ಕೇಳಿದರು.

"ಸೆಖೆ, ಮಾವ. ಕರೆಂಟಿರಲಿಲ್ಲ."

"ಹೌದು, ಸೆಖೆ." ಮತ್ತೆ ಲೋಟ ಎತ್ತಿದರು. "ಬೆಲ್ಲ ಒಳ್ಳೆದುಂಟು," ಎಂದು ಕೊನೆಯ ಗುಟುಕಿನ ತನಕ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟರು.

ಆ ದಿನ ಅವರು ಗೋಡೆ ಹಿಡಿಯಲಿಲ್ಲ. ಮರುದಿನವೂ ಇಲ್ಲ. ಮೂರನೆಯ ಸಂಜೆ ಪರಿತೋಷ್ ಬಾಬು ನೋಡಲು ಬಂದಾಗ ಮಾವ ತುಂಬಿದ ಕೊಡಪಾನ ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ತೋರಿಸಿದರು. ಏದುಸಿರಿತ್ತು, ಆದರೆ ಕಾಲು ನಡುಗಲಿಲ್ಲ. "ಈ ಪ್ರಾಯದಲ್ಲಿ ನೀವೇ ನಿಂತಿರಲ್ಲ, ಇನ್ನು ಯಾರು ಬೇಕಾದರೂ ನಿಲ್ಲುತ್ತಾರೆ," ಎಂದು ಪರಿತೋಷ್ ಬಾಬು ಕೈಮುಗಿದರು. "ಹೀಗೇ ಮಾಡಿಕೊಡಿ. ಒಂದು ಕಾಳೂ ಬದಲಾಗುವುದು ಬೇಡ."

ಹೀಗೇ ಎಂದರೆ ಅವಲಕ್ಕಿ, ಬೆಲ್ಲ, ಅರಳು. ಬಾಗಿಲ ಹಿಂದೆ ನಿಂತು ವೇದವತಿ ಅದನ್ನು ಕೇಳಿಸಿಕೊಂಡಳು.

ಅಲ್ಲಿಯ ತನಕ ಅವಳು ಮಾವನ ಹಸಿವನ್ನಷ್ಟೇ ಯೋಚಿಸಿದ್ದಳು. ಈಗ ಯಾರದೋ ಮಾಡು ಕಣ್ಣಿಗೆ ಕಂಡಿತು. ಸುತ್ತ ನೀರು, ಯಾರೋ ಒಬ್ಬಳು ಹೆಂಗಸು ಬೆಸುಗೆ ಬಿಚ್ಚಿ ಡಬ್ಬಿ ತೆರೆಯುತ್ತಾಳೆ. ಮೂರು ದಿನ ಸಾಕು ಎಂದು ನಂಬಿ ತಿನ್ನುತ್ತಾಳೆ. ಆದರೆ ಆ ಡಬ್ಬಿಯನ್ನು ಮೂರು ದಿನ ಯಾರೂ ತಿಂದು ನೋಡಿಲ್ಲ. ಒಂದು ದಿನ ತಿಂದವರು ಆ ರಾತ್ರಿ ಗೋಡೆ ಹಿಡಿದು ನಡೆದಿದ್ದರು. ನೋಡಿದವಳು ತಾನೊಬ್ಬಳೇ.

ಹೇಳಿದರೆ ಮಾವನ ನಲವತ್ತು ವರ್ಷದ ವ್ರತ ಸೊಸೆಯ ಕೈಯಿಂದ ಮುರಿದದ್ದು ಅವರಿಗೆ ತಿಳಿಯುತ್ತದೆ. ಹಟದ ಮನುಷ್ಯ, ಮತ್ತೆ ಮೊದಲಿನಿಂದ ಮೂರು ದಿನ ಕೂರುತ್ತಾರೆ. ಹೇಳದಿದ್ದರೆ ಡಬ್ಬಿ ಹೋಗುತ್ತದೆ. ಅವಳು ಎರಡು ರಾತ್ರಿ ಆಚೀಚೆ ಹೊರಳಿದಳು. ಮುರಾರಿ ಅರೆನಿದ್ದೆಯಲ್ಲಿ, "ಎಂಥದ್ದು ಮಾರಾಯ್ತಿ, ಮತ್ತೆ ನೆರೆ ಬಂತಾ?" ಎಂದು ಗೊಣಗಿ ಮಗ್ಗುಲಾದ.

ಡಬ್ಬಿ ತುಂಬುವ ಬೆಳಗ್ಗೆ ಅವಳು ಗಟ್ಟಿ ಮನಸ್ಸು ಮಾಡಿ ಕೆಳಗೆ ಇಳಿದಳು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಹೊಸ ಡಬ್ಬಿಗಳು ಬಾಯಿ ತೆರೆದು ಸಾಲಾಗಿ ಕೂತಿದ್ದವು. ಮಾವ ಒಬ್ಬರೇ ಬೆಲ್ಲ ಕುಟ್ಟುತ್ತಿದ್ದರು.

"ಮಾವ, ಒಂದು ಮಾತು ಹೇಳಲಿಕ್ಕಿತ್ತು."

"ನಂಗೂ ಇತ್ತು. ಮೊದಲು ನಂದು ಕೇಳು." ಅವರು ತಲೆ ಎತ್ತಲಿಲ್ಲ. "ಮೂಲೆಯ ಅಂಗಡಿಯವನಿಗೆ ಛಾತು ತರ್ಲಿಕ್ಕೆ ಹೇಳಿದ್ದೇನೆ, ಎರಡು ಮೂಟೆ. ಅರಳಿನ ಹುಡಿಗೆ ಸರಿಪಾಲು ಸೇರಿಸು. ಈ ಊರಿನ ಜನಕ್ಕೆ ಅದು ಒಗ್ಗಿದ ಪದಾರ್ಥ."

ವೇದವತಿ ಸಾಲಿನ ಕೊನೆಯ ಡಬ್ಬಿಯ ಬಳಿ ಕೂತಳು. "ಒಂದು ಕಾಳೂ ಬದಲಾಗುವುದು ಬೇಡ ಅಂದಿದ್ದರಲ್ಲ, ಪರಿತೋಷ್ ಬಾಬು."

"ಅವರಿಗೆ ನಾನು ಹೇಳ್ತೇನೆ."

"ನೀವು ತಿಂದು ನೋಡದ್ದನ್ನು..." ಎಂದು ಶುರು ಮಾಡಿದವಳು ಅಲ್ಲಿಗೇ ನಿಂತಳು.

ಕುಟ್ಟುವ ಕಲ್ಲು ನಿಂತಿತು. ಮಾವ ಬೆಲ್ಲದ ಒಂದು ಚೂರನ್ನು ಬೆರಳಲ್ಲಿ ತಿರುವಿ ನೋಡಿದರು. "ಆ ಮಾತು ನಂಗೆ ನೆನಪುಂಟು," ಎಂದರು ಮೆಲ್ಲಗೆ. "ಈಗ ನಿಂದು ಹೇಳು."

"ಏನಿಲ್ಲ, ಮಾವ. ಅದೇ ಹೇಳಲಿಕ್ಕಿತ್ತು. ಛಾತು ಹಾಕಿದರೆ ಒಳ್ಳೆಯದಿತ್ತು ಅಂತ."

"ಹೌದಲ್ಲ," ಎಂದು ಅವರು ಮತ್ತೆ ಕುಟ್ಟತೊಡಗಿದರು.

ಆ ದಿನವಿಡೀ ಇಬ್ಬರೂ ಎದುರುಬದುರು ಕೂತು ಡಬ್ಬಿ ತುಂಬಿದರು. ಗೊತ್ತಾಗಿದೆಯೇ, ಇಲ್ಲವೇ? ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮೂಗು, ಹುರಿದ ಕಡಲೆಯ ವಾಸನೆಯನ್ನು ಒಂದೇ ಗುಟುಕಿನಲ್ಲಿ ಹಿಡಿಯದೆ ಇರುತ್ತದೆಯೇ? ಹಿಡಿದಿದ್ದರೆ ಮತ್ತೆ ಏಕೆ ಕುಡಿದರು? ಇಲ್ಲ, ಗೊತ್ತಾಗಿರಲಾರದು, ಛಾತು ಎಂದದ್ದು ಬರೀ ಅಡುಗೆಯವರ ಬುದ್ಧಿವಂತಿಕೆ ಎಂದು ಅವಳು ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಕಾಳಿ ಪೂಜೆಯ ಪಟಾಕಿ ಮುಗಿಯಿತು, ಡಬ್ಬಿಗಳು ಲಾರಿ ಹತ್ತಿ ಹೋದವು. ಕಾರ್ತಿಕದ ಏಕಾದಶಿ ಕಳೆದು ದ್ವಾದಶಿ ಬಂತು, ವ್ರತ ಮುಗಿಯುವ ದಿನ. ವೇದವತಿ ಬೆಳಕು ಹರಿಯುವ ಮೊದಲೇ ಎದ್ದು ತೊವ್ವೆ ಮಾಡಿದಳು. ಒಂದು ತಿಂಗಳ ನಂತರ ಮನೆಯ ಒಲೆಯಲ್ಲಿ ಬೇಳೆ ಬೇಯುವ ಘಮ. ಎಲೆ ಹಾಕಿ, ಅನ್ನ ಬಡಿಸಿ, ಮಾವನ ಎಲೆಯ ಮುಂದೆ ಸೌಟು ಬಗ್ಗಿಸುವಾಗ ಅವರು ಅನ್ನದ ಮೇಲೆ ಅಂಗೈ ಅಡ್ಡ ಹಿಡಿದರು.

"ನಂಗೆ ಇನ್ನೆರಡು ದಿನ ಬೇಡ ಮಗಾ."

ಮುರಾರಿ ತುತ್ತು ಎತ್ತಿದವನು ನಿಲ್ಲಿಸಿದ. "ವ್ರತ ಇವತ್ತಿಗೆ ಮುಗಿಯಿತಲ್ಲ, ಅಪ್ಪ?"

"ಪಂಚಾಂಗದ್ದು ಮುಗೀತು. ನಂದು ನಡುವೆ ಎರಡು ದಿನ ಕಡಿಮೆ ಬಿದ್ದಿದೆ. ತುಂಬಿಸ್ಬೇಕು."

"ಕಡಿಮೆ ಹೇಗೆ ಬೀಳ್ತದೆ? ಪಂಚಾಂಗ ನಿಮ್ಮ ತಲೆದಿಂಬಿನ ಕೆಳಗೇ ಉಂಟು."

"ಪ್ರಾಯ ಆಯ್ತು ಮಾರಾಯ. ಲೆಕ್ಕ ತಪ್ಪಿತು. ನೀನು ಊಟ ಮಾಡು, ತೊವ್ವೆ ತಣಿಯುತ್ತದೆ."

ಎರಡು ದಿನ. ಮೂರಲ್ಲ. ಮೊದಲನೆಯ ದಿನದ ಹುಡಿಯಲ್ಲಿ ಕಡಲೆ ಇರಲಿಲ್ಲ. ಅದು ತನಗೆ ಗೊತ್ತಿದ್ದಷ್ಟೇ ಸರಿಯಾಗಿ ಅವರಿಗೂ ಗೊತ್ತಿತ್ತು. ಆ ಲೋಟದಲ್ಲಿ ಏನಿದೆ ಎಂದು ತಿಳಿದೇ, ಅದನ್ನು ಕೊಟ್ಟವಳು ಇಡೀ ರಾತ್ರಿ ಮಲಗಿಲ್ಲ ಎಂದು ತಿಳಿದೇ, ಕೊನೆಯ ಗುಟುಕಿನ ತನಕ ಕುಡಿದಿದ್ದರು. ವೇದವತಿಯ ಕೈಯಲ್ಲಿ ಸೌಟು ಹಾಗೇ ಇತ್ತು. ಮಾವ ಅವಳತ್ತ ನೋಡಲಿಲ್ಲ. ಎಲೆಯಲ್ಲಿನ ಅನ್ನಕ್ಕೆ ಗುಂಡಿ ಮಾಡಿಕೊಂಡು ಮಜ್ಜಿಗೆಗೆ ಕಾದರು.

ಅವಳು ಮಜ್ಜಿಗೆ ತಂದು ಬಡಿಸಿದಳು. ಯಾರೂ ಕೇಳದೆ ಒಂದು ಚಮಚ ತುಪ್ಪವನ್ನೂ ಹಾಕಿದಳು.

"ಮಜ್ಜಿಗೆಗೆ ತುಪ್ಪ ಯಾರು ಹಾಕ್ತಾರೆ?" ಎಂದರು ಮಾವ.

"ಇರಲಿ, ಮಾವ."

"ಇರಲಿ," ಎಂದು ಅವರು ಕಲಸಿಕೊಂಡು ಉಂಡರು.

ಊಟ ಮುಗಿಸಿ ಮಾವ ಕೆಳಗಿಳಿದ ಮೇಲೆ ಮುರಾರಿ ಅಡುಗೆಮನೆಗೆ ಬಂದ. "ಅಪ್ಪನಿಗೆ ಎಂಥ ಆಯ್ತು? ಅವರ ಲೆಕ್ಕ ತಪ್ಪುದು ಅಂದರೆ ನಂಬಲಿಕ್ಕೆ ಆಗುದಿಲ್ಲ. ನಿಂಗೇನಾದರೂ ಗೊತ್ತುಂಟಾ?"

ವೇದವತಿ ಉಳಿದ ತೊವ್ವೆಯನ್ನು ಸಣ್ಣ ಪಾತ್ರೆಗೆ ಸುರಿಯುತ್ತಿದ್ದಳು. ಗಂಡನಿಗೆ ಹೇಳುವುದಿಲ್ಲ ಎಂದು ಆಗಲೇ ಅವಳ ಮನಸ್ಸು ನಿರ್ಧರಿಸಿಬಿಟ್ಟಿತ್ತು. ನಿಮಗೆ ಗೊತ್ತಿದೆ ಎಂದು ನನಗೆ ಗೊತ್ತಾಯಿತು ಎಂದು ಮಾವನಿಗೂ ಹೇಳುವುದಿಲ್ಲ. ಯಾರಿಗೂ ಇಲ್ಲ.

"ಪ್ರಾಯ ಆಯ್ತಂತಲ್ಲ," ಎಂದಳು, ಪಾತ್ರೆಗೆ ತಟ್ಟೆ ಮುಚ್ಚುತ್ತಾ. "ನಾಡಿದ್ದು ಇನ್ನೊಮ್ಮೆ ಹೊಸದಾಗಿ ತೊವ್ವೆ ಮಾಡುತ್ತೇನೆ. ಬೇಳೆ ಉಂಟಾ ನೋಡಿ ತಂದಿಡಿ."