ಓಡಲಾಗದವರು ಎಷ್ಟು ಜನ

ಸೊನ್ನೆ ಬರೆಯುವುದೋ, ಒಂದು ಬರೆಯುವುದೋ?

ಭೂಮಿ ನಡುಗಿದರೆ ಎದ್ದು ಓಡಲಾಗದವರು ಈ ಮನೆಯಲ್ಲಿ ಎಷ್ಟು ಜನ ಎಂದು ವಗಿರಾನನ ಕೈಯಲ್ಲಿದ್ದ ಸರ್ವೆ ಹಾಳೆ ಕೇಳುತ್ತಿತ್ತು. ಪರದೆಯ ಹಿಂದೆ ಸೊಂಟ ಬಿದ್ದುಹೋದ ಚಿಕ್ಕಪ್ಪ ಪೈಜೊ ಉಸಿರು ಬಿಗಿಹಿಡಿದು ಮಲಗಿರುವುದು ಅವನಿಗೆ ಗೊತ್ತು. ಬರೆದರೆ, ದುಡಿಯುವ ಗಂಡಸಿಲ್ಲದ ಸಂಸಾರಕ್ಕೆ ತನ್ನ ಜಾಗದಲ್ಲಿ ಮನೆಯಿಲ್ಲ ಎಂದು ಇಟ್ಟಿಗೆ ಗೂಡಿನ ಒಡೆಯ ಇವತ್ತೇ ಹೊರಹಾಕುತ್ತಾನೆ. ಬರೆಯದಿದ್ದರೆ ನಕ್ಷೆಯಲ್ಲಿ ಈ ಮನೆ ಹಸಿರು, ಅಪಾಯವಿಲ್ಲದ್ದು. ಗೋಡೆ ಭದ್ರಮಾಡಿಕೊಡುವುದು ಕೆಂಪು ಮನೆಗಳಿಗೆ ಮಾತ್ರ.

ಒಡೆಯನೇ ಊರಿನ ಲುರಾ, ಮುಖ್ಯಸ್ಥ. ಇದ್ದೊಂದು ಕುರ್ಚಿಯಲ್ಲಿ ಅವನೇ ತುಂಬಿಕೊಂಡು ಕೂತಿದ್ದ.

"ಹಸಿರು ಬಳಿಯೋ, ಓದಿದ ಕತ್ತೆ. ಇಟ್ಟಿಗೆ ಗೋಡೆ, ಮೇಲೆ ಸುಣ್ಣ. ಈ ನನ್ಮಕ್ಕಳಿಗೆ ಅರಮನೆ ಬೇಕೇನು?"

ಸುಣ್ಣ ನಿನ್ನೆಯದು. ಸರ್ವೆಗೆ ಜನ ಬರುತ್ತಾರೆಂದು ತಿಳಿದು ಕೇರಿಯ ಹೆಂಗಸರೆಲ್ಲ ನೆಂಟರು ಬರುವರೆಂಬಂತೆ ಸುಣ್ಣ ಹೊಡೆದಿದ್ದರು. ಚಿಕ್ಕಮ್ಮ ಸಗಿಯೆಮ್ ಪಕ್ಕದ ಮನೆಯಿಂದ ಕಪ್ಪು-ಬಸಿಯನ್ನೂ ತಂದು ಲುರಾನಿಗೆ ಕಾಫಿ ಕೊಟ್ಟಿದ್ದಳು.

"ಗಂಡ ಎಲ್ಲೇ?"

"ಪ್ಯಾಟೆಗೋಗವ್ನೆ, ಧಣಿ."

ಪರದೆ ಕೆಮ್ಮಿತು.

"ಅದ್ಯಾರೇ ಕೆಮ್ಮಿದ್ದು?"

"ಬೆಕ್ಕು."

"ಬೆಕ್ಕು ಕೆಮ್ಮತ್ತೇನೇ, ಮುಂಡೇದೆ?"

"ನಿಮ್ ಗೂಡಿನ ಹೊಗೆ ಕುಡುದ್ರೆ ಹುಲೀನೂ ಕೆಮ್ತದೆ."

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗಿಗೆ ಬಾಯಿಟ್ಟುಕೊಂಡರು. ಸಗಿಯೆಮ್ ಕಿಟಕಿಯ ಬದಿಯಿಂದ ಒಂದು ಇಟ್ಟಿಗೆ ಕಿತ್ತಳು. ಹಲ್ಲು ಕಿತ್ತಷ್ಟೂ ಕಷ್ಟವಾಗಲಿಲ್ಲ. ಅದನ್ನು ಅಂಗೈಯಲ್ಲೇ ಹಿಸುಕಿ ಲುರಾನ ಬಸಿಗೆ ಉದುರಿಸಿದಳು.

"ಮಾರಕ್ಕಾಗ್ದೆ ನೀವೇ ಬಿಸಾಕಿದ್ದು. ಅರೆಬೆಂದಿದ್ದು. ಕಾಪಿ ಜೊತೆ ನೆಂಚ್ಕಳಿ."

ವಗಿರಾನ್ ತಲೆ ತಗ್ಗಿಸಿ 'ಒಂದು' ಎಂದು ಬರೆದ. ನಕ್ಷೆಯ ಚೌಕಕ್ಕೆ ಕೆಂಪು ತುಂಬಿದ.

ಲುರಾ ಕುತ್ತಿಗೆ ಚಾಚಿ ಹಾಳೆ ನೋಡಿದ. "ಯಾವನೋ ಆ ಒಬ್ಬ?"

"ನೀವೇ, ಧಣಿ," ಎಂದಳು ಸಗಿಯೆಮ್. "ಈಗ ಭೂಮಿ ಅಲ್ಲಾಡುದ್ರೆ ಆ ಹೊಟ್ಟೆ ಹೊತ್ಕಂಡು ಎಂಗೆ ಓಡೀರಿ?"

ಈ ಸಲ ಹೆಂಗಸರು ಬಾಯಿ ಮುಚ್ಚಿಕೊಳ್ಳಲಿಲ್ಲ. ಎದ್ದು ನಿಲ್ಲಲು ಲುರಾನಿಗೆ ಎರಡು ಪ್ರಯತ್ನ ಬೇಕಾಯಿತು. ಅವನು ಪರದೆಯ ಕಡೆಗೊಮ್ಮೆ, ವಗಿರಾನನ ಕಡೆಗೊಮ್ಮೆ ನೋಡಿದ.

"ಬೊಗಳೋ. ಯಾರು?"

ವಗಿರಾನ್ ಹಾಳೆ ಸುತ್ತಿ ಚೀಲಕ್ಕಿಟ್ಟುಕೊಂಡ. ಹಾಳೆ ಕೇಳಿದ್ದು ಎಷ್ಟು ಜನ ಎಂದು, ಹೆಸರನ್ನಲ್ಲ.